ಐವತ್ತರ ಆಸುಪಾಸಿನಲ್ಲಿ ಮೊದಲ ಮೇಕಪ್: ಓದುಗರ ಪ್ರಶ್ನೆಗಳಿಗೆ ಉತ್ತರ

ಇಷ್ಟು ವರ್ಷ ಪೌಡರು, ಕಾಡಿಗೆ, ಬೊಟ್ಟಿನಲ್ಲೇ ಮುಗಿಸುತ್ತಿದ್ದವರು ಈಗ ಇನ್ನೊಂದಿಷ್ಟು ಅಲಂಕಾರ ಕಲಿಯಬೇಕೆಂದು ಬರೆದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹಲವರು ಹೆಸರು ಹಾಕಬೇಡಿ ಎಂದು ಕೋರಿದ್ದರಿಂದ ಊರನ್ನು ಮಾತ್ರ ಕೊಟ್ಟಿದ್ದೇವೆ.

ನನಗೆ 49 ವರ್ಷ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಮಕ್ಕಳು ದೊಡ್ಡವರಾದ ಮೇಲೆ ಬೆಳಿಗ್ಗೆ ನನಗೇ ಅಂತ ಹತ್ತು ನಿಮಿಷ ಸಿಗುತ್ತಿದೆ. ದಿನಾ ಶಾಲೆಗೆ ಹೋಗುವಾಗ ಹಗುರಾಗಿ ಮೇಕಪ್ ಮಾಡಿಕೊಳ್ಳುವ ಆಸೆ. ಅಂಗಡಿಯಲ್ಲಿ ಹತ್ತಾರು ಡಬ್ಬಿ ತೋರಿಸುತ್ತಾರೆ. ಮೊದಲು ಯಾವುದನ್ನು ಕೊಳ್ಳಲಿ? — ದಾವಣಗೆರೆ

ಫೌಂಡೇಶನ್ (ಮುಖಕ್ಕೆಲ್ಲ ಹಚ್ಚುವ ಮೈಬಣ್ಣದ ಕ್ರೀಮು) ಬೇಡ. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಅದನ್ನೇ. ಹೊಸಬರು ಎಡವುವುದೂ ಅಲ್ಲೇ. ಮೊದಲ ತಿಂಗಳಿಗೆ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಹುಬ್ಬಿನ ಪೆನ್ಸಿಲ್, ಒಂದು ಲಿಪ್‌ಸ್ಟಿಕ್ ಸಾಕು. ಕಾಡಿಗೆ ಹೇಗೂ ನಿಮ್ಮ ಮನೆಯಲ್ಲಿದೆ.

ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದಾಗ ಈಸ್ಟ್ರೋಜನ್ ಇಳಿಯುತ್ತದೆ. ಅದರ ಜೊತೆಗೆ ಚರ್ಮದ ಎಣ್ಣೆ, ತೇವ, ಬಿಗಿ ಎಲ್ಲವೂ ಇಳಿಮುಖವಾಗುತ್ತವೆ. ಇಪ್ಪತ್ತರಲ್ಲಿ ಪೌಡರು ಚೆನ್ನಾಗಿ ಕೂರುತ್ತಿದ್ದುದು ಮುಖದಲ್ಲಿ ಜಿಡ್ಡು ಇದ್ದುದರಿಂದ. ಈಗ ಅದೇ ಪೌಡರು ಒಣ ಚರ್ಮದ ಮೇಲೆ ಗೆರೆಗಳಲ್ಲಿ ಹೋಗಿ ನಿಲ್ಲುತ್ತದೆ. ಹಾಗಾಗಿ ನಿಮ್ಮ ಮೇಕಪ್ಪಿನ ಅರ್ಧ ಕೆಲಸ ಮಾಯಿಶ್ಚರೈಸರಿನದು.

ಮುಖಕ್ಕೆ ಸೋಪು ಬೇಡ, ನೊರೆ ಕಡಿಮೆ ಬರುವ ಫೇಸ್‌ವಾಶ್ ಬಳಸಿ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿಕೊಳ್ಳಿ. ಚರ್ಮ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಬಟಾಣಿ ಕಾಳಿನಷ್ಟು ಮಾಯಿಶ್ಚರೈಸರ್ ಹಚ್ಚಿ. ತೇವ ಹಿಡಿದಿಡುವ ಗ್ಲಿಸರಿನ್, ಸೆರಮೈಡ್ ಅಥವಾ ಹಯಲುರಾನಿಕ್ ಆಸಿಡ್ ಇರುವಂಥದ್ದು ಒಳ್ಳೆಯದು. ದುಬಾರಿ ಬೆಲೆಯದೇ ಆಗಬೇಕೆಂದಿಲ್ಲ. ಐದು ನಿಮಿಷ ಬಿಟ್ಟು ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ, ಪಿಎ ಗುರುತಿನ ಮುಂದೆ ಮೂರು ಪ್ಲಸ್ ಇರುವ ಸನ್‌ಸ್ಕ್ರೀನ್ ಹಚ್ಚಿ. ಬಿಸಿಲಿನಿಂದ ಎಷ್ಟು ರಕ್ಷಣೆ ಸಿಗುತ್ತದೆಂದು ಡಬ್ಬಿಯ ಮೇಲೆ ಹಾಕುವ ಗುರುತುಗಳು ಇವೆರಡೂ. ತೋರುಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಎಳೆದರೆ ಎಷ್ಟಾಗುತ್ತದೋ ಅಷ್ಟು ಮುಖ, ಕುತ್ತಿಗೆಗೆ ಬೇಕು. ಬಹಳ ಮಂದಿ ಇದರ ಕಾಲು ಭಾಗ ಹಚ್ಚಿ, ಫಲ ಕಾಣಲಿಲ್ಲ ಎನ್ನುತ್ತಾರೆ. ಮತ್ತೆ ಹತ್ತು ನಿಮಿಷ ಬಿಡಿ. ಆ ಹೊತ್ತಿನಲ್ಲಿ ಸೀರೆ ಉಟ್ಟುಕೊಳ್ಳಬಹುದು, ತಲೆ ಬಾಚಿಕೊಳ್ಳಬಹುದು.

ಮುಖದ ಕಳೆಯನ್ನು ಬದಲಿಸುವುದು ಹುಬ್ಬು. ನಲವತ್ತೈದರ ನಂತರ ಅದು ತೆಳುವಾಗುತ್ತದೆ, ಬಾಲದ ಕಡೆ ಕೂದಲು ಉದುರುತ್ತದೆ. ಪೆನ್ಸಿಲ್ ಗಾಢ ಕಂದು ಅಥವಾ ಬೂದುಗಂದು ಬಣ್ಣದ್ದಿರಲಿ. ಕಡುಗಪ್ಪು ಪೆನ್ಸಿಲ್ ಮುಖವನ್ನು ಗಡುಸಾಗಿಸುತ್ತದೆ. ತಲೆಗೂದಲಿಗೆ ಬಣ್ಣ ಹಾಕಿದ್ದರೂ ಹುಬ್ಬು ಅದಕ್ಕಿಂತ ಒಂದು ಛಾಯೆ ತಿಳಿಯಾಗಿದ್ದರೆ ಚೆಂದ. ಮೂಗಿನ ಹೊಳ್ಳೆಯ ಹೊರ ಅಂಚಿನಿಂದ ಕಣ್ಣಿನ ಹೊರ ಮೂಲೆಗೆ ಪೆನ್ಸಿಲನ್ನು ಓರೆಯಾಗಿ ಹಿಡಿಯಿರಿ, ಅದು ಹುಬ್ಬಿಗೆ ತಾಗುವಲ್ಲಿ ಬಾಲ ಮುಗಿಯಬೇಕು. ಒಂದೇ ಗೆರೆ ಎಳೆಯಬೇಡಿ. ಕೂದಲಿನಂತೆ ಸಣ್ಣ ಸಣ್ಣ ಗೀಟು ಹಾಕಿ, ಹಳೆಯ ಟೂತ್‌ಬ್ರಷ್ಷನ್ನು ತೊಳೆದು ಒಣಗಿಸಿಟ್ಟುಕೊಂಡು ಅದರಿಂದ ಒಮ್ಮೆ ಬಾಚಿ. ಹುಬ್ಬಿನ ಹೊರ ಭಾಗ ಕೆಲವೇ ತಿಂಗಳಲ್ಲಿ ಬೋಳಾಗಿದ್ದು, ಸುಸ್ತು, ತೂಕ ಏರುವುದೂ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಕೊನೆಗೆ ಲಿಪ್‌ಸ್ಟಿಕ್. ಹಚ್ಚಿದ ಮೇಲೆ ಬೆರಳಿಗೆ ಉಳಿದಿದ್ದನ್ನು ಕೆನ್ನೆಯ ಎತ್ತರದ ಭಾಗಕ್ಕೆ ಎರಡು ಚುಕ್ಕೆ ಇಟ್ಟು ಕಿವಿಯ ಕಡೆಗೆ ತಟ್ಟಿ ಹರಡಿ. ಕೆನ್ನೆಗೆ ಬಣ್ಣ ಕೊಡುವ ಬ್ಲಶ್ ಬೇರೆ ಕೊಳ್ಳುವ ಅಗತ್ಯವಿಲ್ಲ. ಯಾವುದೇ ಹೊಸ ಡಬ್ಬಿಯನ್ನು ಮುಖಕ್ಕೆ ಹಚ್ಚುವ ಮುನ್ನ ಮೊಣಕೈಯ ಒಳಭಾಗದಲ್ಲಿ ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ ನೋಡಿ. ತುರಿಕೆ, ಕೆಂಪು ಬಂದರೆ ಅದು ನಿಮಗೆ ಒಗ್ಗದು.

ಬ್ಯಾಂಕಿನಲ್ಲಿ ಕೆಲಸ, 47 ವಯಸ್ಸು, ಗೋದಿ ಮೈಬಣ್ಣ. ಫೌಂಡೇಶನ್ ಹಚ್ಚಿಕೊಂಡು ಹೋದರೆ ಒಂದು ತಾಸಿನೊಳಗೆ ಮುಖ ಬೂದಿ ಬಣ್ಣಕ್ಕೆ ತಿರುಗುತ್ತದೆ, ಕಣ್ಣಿನ ಕೆಳಗೆ ಬಿರುಕು ಬಿಟ್ಟಂತೆ ಕಾಣುತ್ತದೆ. ಕೆಲವೊಮ್ಮೆ ಹಚ್ಚುವಾಗಲೇ ಎರೇಸರ್ ಪುಡಿಯಂತೆ ಉಂಡೆಯಾಗಿ ಉದುರುತ್ತದೆ. ಬೇರೆ ಕಂಪನಿಯದು ಕೊಳ್ಳಲೇ? — ಹುಬ್ಬಳ್ಳಿ

ಕಂಪನಿ ಬದಲಿಸಿದರೆ ಹೋಗುವ ತೊಂದರೆ ಇದಲ್ಲ. ನೀವು ಬರೆದಿರುವುದು ಮೂರು ಬೇರೆ ಬೇರೆ ತೊಂದರೆ. ಮೂರಕ್ಕೂ ಕಾರಣ ಬೇರೆ.

ಬೂದಿ ಬಣ್ಣಕ್ಕೆ ಕಾರಣ ಛಾಯೆ. ನಮ್ಮ ಮೈಬಣ್ಣದಲ್ಲಿ ಹಳದಿ ಇಲ್ಲವೇ ಬಂಗಾರದ ಎಳೆ ಇರುತ್ತದೆ. ಅದರ ಮೇಲೆ ಗುಲಾಬಿ ಎಳೆಯ, ಒಂದೆರಡು ಛಾಯೆ ಬೆಳ್ಳಗಿನ ಫೌಂಡೇಶನ್ ಬಿದ್ದರೆ ಬೂದಿಯಾಗುತ್ತದೆ. ಸ್ವಲ್ಪ ಬೆಳ್ಳಗೆ ಕಾಣಲಿ ಎಂಬ ಆಸೆಯಿಂದ ಆರಿಸಿದ ಛಾಯೆ ಯಾರಿಗೂ ಒಪ್ಪಿದ್ದಿಲ್ಲ. ಅಂಗಡಿಯಲ್ಲಿ ಮುಂಗೈ ಮೇಲೆ ಹಚ್ಚಿ ನೋಡಬೇಡಿ, ಕೈಯ ಬಣ್ಣವೇ ಬೇರೆ. ದವಡೆಯ ಅಂಚಿನಲ್ಲಿ ಕೆನ್ನೆಯಿಂದ ಕುತ್ತಿಗೆಯ ಕಡೆಗೆ ಮೂರು ಹತ್ತಿರದ ಛಾಯೆಗಳ ಮೂರು ಗೆರೆ ಎಳೆಯಿರಿ. ಅಂಗಡಿಯ ಬಿಳಿ ದೀಪದ ಕೆಳಗೆ ತೀರ್ಮಾನಿಸದೆ ಹೊರಗೆ ಹಗಲು ಬೆಳಕಿಗೆ ಬಂದು ಹದಿನೈದು ನಿಮಿಷ ಕಾಯಿರಿ. ಚರ್ಮದ ಎಣ್ಣೆ, ಗಾಳಿ ತಾಗಿ ಕೆಲವು ಫೌಂಡೇಶನ್‌ಗಳು ಒಂದು ಛಾಯೆ ಕಪ್ಪಾಗುತ್ತವೆ. ಅಷ್ಟು ಹೊತ್ತಿನ ನಂತರ ಯಾವ ಗೆರೆ ಕಣ್ಣಿಗೆ ಕಾಣದಂತೆ ಕರಗಿದೆಯೋ ಅದೇ ನಿಮ್ಮದು. ಎರಡು ಛಾಯೆಯ ನಡುವೆ ಸಿಕ್ಕಿಕೊಂಡರೆ ಗಾಢವಾದದ್ದನ್ನು ಆರಿಸಿ.

ಬಿರುಕಿಗೆ ಕಾರಣ ಪ್ರಮಾಣ ಮತ್ತು ಪೌಡರು. ಇಡೀ ಮುಖಕ್ಕೆ ಎರಡು ಹೆಸರುಕಾಳಿನಷ್ಟು ಫೌಂಡೇಶನ್ ಸಾಕು. ಮೂಗಿನ ಅಕ್ಕಪಕ್ಕ, ಬಾಯಿಯ ಸುತ್ತ, ಹಣೆಯ ನಡುವೆ ಚುಕ್ಕೆ ಇಟ್ಟು ಹೊರಗಡೆಗೆ ಹರಡುತ್ತಾ ಹೋಗಿ. ಕಿವಿ, ಕೂದಲಂಚು ತಲುಪುವಷ್ಟರಲ್ಲಿ ಏನೂ ಉಳಿದಿರಬಾರದು. ಸ್ಪಾಂಜನ್ನು ನೀರಿನಲ್ಲಿ ಅದ್ದಿ, ಹಿಂಡಿ, ಟವೆಲಿನಲ್ಲಿ ಇನ್ನೊಮ್ಮೆ ಹಿಂಡಿ, ಆಮೇಲೆ ತಟ್ಟಿ, ಎಳೆಯಬೇಡಿ. ಕಣ್ಣಿನ ಕೆಳಗೆ ಫೌಂಡೇಶನ್ನೇ ಬೇಡ. ಅಲ್ಲಿನ ಚರ್ಮ ಮುಖದಲ್ಲೇ ಅತಿ ತೆಳು, ನಕ್ಕಾಗಲೆಲ್ಲ ಮಡಚುತ್ತದೆ. ಅಲ್ಲಿ ಕಪ್ಪಿದ್ದರೆ ಮೊದಲು ಪೀಚ್ ಅಥವಾ ಕಿತ್ತಳೆ ಎಳೆಯ ಕರೆಕ್ಟರನ್ನು (ಕಪ್ಪನ್ನು ಅಳಿಸುವ ಬಣ್ಣದ ಕ್ರೀಮು) ಸಾಸಿವೆಯಷ್ಟು ತೆಗೆದುಕೊಂಡು, ಕಪ್ಪು ಗಾಢವಾಗಿರುವ ಒಳ ಮೂಲೆಯಲ್ಲಿ ಮಾತ್ರ ಉಂಗುರ ಬೆರಳಿನಿಂದ ತಟ್ಟಿ. ನೀಲಿ ಎಳೆಯನ್ನು ಕಿತ್ತಳೆ ಅಳಿಸುತ್ತದೆ. ಅದರ ಮೇಲೆ ಕಲೆ ಮುಚ್ಚುವ ಮೈಬಣ್ಣದ ಕನ್ಸೀಲರ್ ತೆಳ್ಳಗೆ ಹಚ್ಚಿ. ಬೆಳ್ಳಗಿನ ಕನ್ಸೀಲರನ್ನು ನೇರವಾಗಿ ಹಚ್ಚಿದರೆ ಕಪ್ಪು ಹೋಗಿ ಬೂದಿ ಬರುತ್ತದೆ, ಅಷ್ಟೆ. ಕಾಂಪ್ಯಾಕ್ಟ್ ಪೌಡರು ಹಣೆಯ ನಡುವೆ, ಮೂಗಿನ ಪಕ್ಕ, ಗದ್ದಕ್ಕೆ ಮಾತ್ರ. ಕೆನ್ನೆಗೆ ಬೇಡ.

ಉಂಡೆಯಾಗುವುದಕ್ಕೆ ಕಾರಣ ಅವಸರ. ಕೆಳಗಿನ ಪದರ ಹೀರುವ ಮುನ್ನ ಮೇಲಿನದನ್ನು ಉಜ್ಜಿದರೆ ಅದು ಸುತ್ತಿಕೊಂಡು ಬರುತ್ತದೆ. ಸನ್‌ಸ್ಕ್ರೀನಿನಲ್ಲಿ ಸಿಲಿಕೋನ್ ಹೆಚ್ಚಿದ್ದು ಫೌಂಡೇಶನ್ ನೀರಿನ ಆಧಾರದ್ದಾಗಿದ್ದರೂ ಹೀಗೆ ಆಗಬಹುದು. ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಮೊದಲ ನಾಲ್ಕೈದು ಹೆಸರುಗಳೊಳಗೆ ‘ಕೋನ್’ ಎಂದು ಮುಗಿಯುವ ಪದವೋ ‘ಸೈಲಾಕ್ಸೇನ್’ ಎಂಬ ಪದವೋ ಇದ್ದರೆ ಅದು ಸಿಲಿಕೋನಿನದು. ಎರಡೂ ಒಂದೇ ಜಾತಿಯವಾದರೆ ಹೊಂದಿಕೊಳ್ಳುವುದು ಸುಲಭ. ಮೊದಲು ನಡುವೆ ಹತ್ತು ನಿಮಿಷ ಬಿಟ್ಟು ನೋಡಿ, ಹೆಚ್ಚಿನವರಿಗೆ ಅಷ್ಟರಲ್ಲೇ ಸರಿಹೋಗುತ್ತದೆ.

ಎರಡೂ ಕೆನ್ನೆಗೆ ಬಂಗು ಇದೆ. ಪರಿಚಯದವರೊಬ್ಬರು ಕೊಟ್ಟ ಕ್ರೀಮು ಹಚ್ಚಿದಾಗ ಎರಡು ವಾರದಲ್ಲಿ ಮಾಯವಾಗಿತ್ತು, ಬಿಟ್ಟ ಕೂಡಲೇ ಮೊದಲಿಗಿಂತ ಹೆಚ್ಚಾಗಿ ಬಂತು. ಈಗ ಮೇಕಪ್ಪಿನಿಂದ ಮುಚ್ಚಬಹುದೇ, ಅದರಿಂದ ಬಂಗು ಜಾಸ್ತಿಯಾಗುತ್ತದೆಯೇ? ನನಗೆ 44. — ಶಿರಸಿ

ಮುಚ್ಚಬಹುದು, ಮುಚ್ಚುವುದರಿಂದ ಬಂಗು ಹೆಚ್ಚುವುದಿಲ್ಲ. ಆದರೆ ಮೊದಲು ಆ ಕ್ರೀಮಿನ ವಿಷಯ.

ಎರಡೇ ವಾರದಲ್ಲಿ ಮಾಯವಾಗಿ, ಬಿಟ್ಟರೆ ಇಮ್ಮಡಿಯಾಗಿ ಬಂತೆಂದರೆ ಅದರಲ್ಲಿ ಸ್ಟಿರಾಯ್ಡ್ ಇರುವ ಶಂಕೆ ಬಲವಾಗಿದೆ. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರುಗಳನ್ನು ಹುಡುಕಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಎದ್ದು ಕಾಣುತ್ತದೆ, ಮೊಡವೆ, ಮುಖದ ಕೂದಲು ಬರುತ್ತವೆ. ಇಂಥ ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಕಟ್ಟುಮಾಡಿದೆ. ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದ ಡಬ್ಬಿಯಾದರೆ ಇನ್ನೂ ಎಚ್ಚರ ಬೇಕು, ಅದರಲ್ಲಿ ಪಾದರಸ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡುಬಂದಿತ್ತು. ‘ಚಿನ್ನ, ಬೆಳ್ಳಿಯ ಒಡವೆಗೆ ತಾಗಿಸಬೇಡಿ’ ಎಂಬ ಸೂಚನೆ ಮುಖದ ಕ್ರೀಮಿನ ಮೇಲೆ ಕಂಡರೆ ಅದನ್ನು ಮುಟ್ಟಲೇಬೇಡಿ, ಪಾದರಸದ ಸುಳಿವು ಅದು. ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ಮುಖ ಉರಿದು ಕೆಂಪಾಗುವುದುಂಟು. ಇನ್ನೂ ಹಚ್ಚುತ್ತಿದ್ದರೆ ಅದೇ ಟ್ಯೂಬು ಹಿಡಿದುಕೊಂಡು ಚರ್ಮವೈದ್ಯರಲ್ಲಿಗೆ ಹೋಗಿ. ನಿಂಬೆರಸ, ಅಡುಗೆ ಸೋಡಾ ಹಚ್ಚುವ ಉಪಾಯಗಳೂ ಬೇಡ. ನಿಂಬೆರಸದ ಮೇಲೆ ಬಿಸಿಲು ಬಿದ್ದರೆ ಸುಟ್ಟ ಕಲೆಯೇ ಆಗುತ್ತದೆ.

ಇನ್ನು ಮುಚ್ಚುವುದು. ಬಂಗನ್ನು ಕೆರಳಿಸುವುದು ಬಿಸಿಲಿನ ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಅದನ್ನು ಬಿಳಿ ಸನ್‌ಸ್ಕ್ರೀನ್ ಅಷ್ಟಾಗಿ ತಡೆಯದು. ಐರನ್ ಆಕ್ಸೈಡ್ ಇರುವ, ಮೈಬಣ್ಣದ ಛಾಯೆಯ ಸನ್‌ಸ್ಕ್ರೀನ್ ತಡೆಯುತ್ತದೆ. ನಿಮಗೆ ಅದೇ ಮೊದಲ ಪದರ, ಅದೇ ಅರ್ಧ ಮೇಕಪ್. ಅದು ಕುಳಿತ ಮೇಲೂ ಕಂದು ಕಂಡರೆ, ಕಲೆಯ ಗಾತ್ರಕ್ಕಷ್ಟೇ ಕಿತ್ತಳೆ ಎಳೆಯ ಕರೆಕ್ಟರನ್ನು ತಟ್ಟಿ, ಒಂದು ನಿಮಿಷ ಬಿಟ್ಟು ಮೈಬಣ್ಣದ ಕನ್ಸೀಲರನ್ನು ಅಂಚು ಮೀರಿ ಕಾಲು ಇಂಚು ಹರಡಿ. ಅಡಕೆ ತೋಟದ ನೆರಳಲ್ಲಿದ್ದರೂ, ಒಲೆಯ ಮುಂದೆ ನಿಂತರೂ ಬಂಗು ಕೆರಳುತ್ತದೆ, ಶಾಖವೂ ಅದಕ್ಕೊಂದು ಕಾರಣ. ಮಧ್ಯಾಹ್ನ ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಿ.

ಕಾಡಿಗೆ ಹಚ್ಚಿದರೆ ಅರ್ಧ ಗಂಟೆಯಲ್ಲಿ ಕಣ್ಣಿನ ಕೆಳಗೆ ಇಳಿಯುತ್ತದೆ. ಚಾಳೀಸು ಬಂದಿದೆ, ಕನ್ನಡಕ ತೆಗೆದರೆ ಗೆರೆ ಕಾಣದು, ಹಾಕಿಕೊಂಡರೆ ಕೈ ಹೋಗದು. 53 ವರ್ಷ. — ಮೈಸೂರು

ಕಾಡಿಗೆ ಇಳಿಯುವುದು ಜಿಡ್ಡಿನಿಂದ. ಕಣ್ಣಿನ ಕೆಳಗೆ ಹಚ್ಚಿದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಕಾಡಿಗೆಯ ಎಣ್ಣೆಯನ್ನು ಕರಗಿಸಿ ಕೆಳಗೆಳೆಯುತ್ತವೆ. ಹಚ್ಚುವ ಮುನ್ನ ಟಿಶ್ಯೂ ಕಾಗದವನ್ನು ಅಲ್ಲಿ ಒತ್ತಿ ಜಿಡ್ಡು ತೆಗೆಯಿರಿ.

ಹಚ್ಚುವ ಜಾಗವನ್ನೂ ಬದಲಿಸಿ. ನಾವೆಲ್ಲ ರೂಢಿಯಲ್ಲಿ ಹಚ್ಚುವುದು ರೆಪ್ಪೆಯ ಒಳ ಅಂಚಿಗೆ. ಕಣ್ಣೀರು ಬೇಗ ಆರದಂತೆ ತಡೆಯುವ ಎಣ್ಣೆಯ ಗ್ರಂಥಿಗಳ ಬಾಯಿ ಇರುವುದು ಅಲ್ಲೇ. ಮುಟ್ಟು ನಿಂತ ಮೇಲೆ ಕಣ್ಣು ಒಣಗುವ ತೊಂದರೆ ಮೊದಲೇ ಹೆಚ್ಚು, ಆ ಬಾಯಿಗಳನ್ನು ದಿನವೂ ಮುಚ್ಚಿದರೆ ಉರಿ, ನೀರು ಸುರಿಯುವುದು ಶುರುವಾಗುತ್ತದೆ. ಆ ನೀರಿನಿಂದ ಕಾಡಿಗೆ ಇನ್ನೂ ಇಳಿಯುತ್ತದೆ. ಆದ್ದರಿಂದ ರೆಪ್ಪೆಗೂದಲು ಹುಟ್ಟುವ ಬುಡಕ್ಕೆ ಹೊರಗಿನಿಂದ ಹಚ್ಚಿ. ಮೇಲಿನ ರೆಪ್ಪೆಗೆ ಪೂರ್ತಿ, ಕೆಳಗಿನದಕ್ಕೆ ಹೊರ ಮೂಲೆಯಿಂದ ಮೂರನೇ ಒಂದು ಭಾಗ ಮಾತ್ರ. ಇಯರ್‌ಬಡ್‌ನಿಂದ ಒಮ್ಮೆ ಸವರಿ ಮೆತ್ತಗಾಗಿಸಿ, ಅದರ ಮೇಲೆ ಕಂದು ಅಥವಾ ಕಪ್ಪು ಐಶ್ಯಾಡೋ ಪುಡಿಯನ್ನು ತೆಳುವಾಗಿ ಒತ್ತಿ. ಪುಡಿ ಎಣ್ಣೆಯನ್ನು ಹಿಡಿದುಕೊಂಡು ಗೆರೆಯನ್ನು ಕೂರಿಸುತ್ತದೆ. ಸುರ್ಮಾ ಬೇಡ, ಅದರಲ್ಲಿ ಸೀಸ ಇರಬಹುದು.

ನೋಟಕ್ಕೆ ಐದು ಪಟ್ಟು ದೊಡ್ಡದಾಗಿ ತೋರಿಸುವ, ಮೇಜಿನ ಮೇಲೆ ನಿಲ್ಲುವ ಕನ್ನಡಿ ಕೊಳ್ಳಿ. ಮೊಣಕೈಯನ್ನು ಮೇಜಿಗೆ ಊರಿ, ಕಿರುಬೆರಳನ್ನು ಕೆನ್ನೆಗಿಟ್ಟುಕೊಂಡರೆ ಕೈ ನಡುಗದು. ರೆಪ್ಪೆಯನ್ನು ಪಕ್ಕಕ್ಕೆ ಎಳೆದು ಗೆರೆ ಹಾಕುವ ಅಭ್ಯಾಸ ಬಿಡಿ, ಕೈ ಬಿಟ್ಟಾಗ ಗೆರೆ ಸುಕ್ಕಾಗುತ್ತದೆ. ಮೇಲಿನ ರೆಪ್ಪೆ ಜೋತು ಬಿದ್ದಿದ್ದರೆ ಕಣ್ಣು ತೆರೆದು ನೇರ ನೋಡುತ್ತಾ ಹೊರ ಮೂಲೆಯನ್ನು ಗುರುತು ಮಾಡಿಕೊಳ್ಳಿ. ಮುಗಿದ ಮೇಲೆ ಮಾಮೂಲಿ ಕನ್ನಡಿಯಲ್ಲಿ ಒಂದು ಮಾರು ದೂರದಿಂದ ನೋಡಿ ತೀರ್ಮಾನಿಸಿ. ದೊಡ್ಡ ಕನ್ನಡಿಯಲ್ಲಿ ಕಂಡ ಸಣ್ಣ ಓರೆ ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ಲಸ್ ಪವರಿನ ಕನ್ನಡಕ ಕಣ್ಣನ್ನು ದೊಡ್ಡದಾಗಿ ತೋರಿಸುವುದರಿಂದ ರೆಪ್ಪೆಗೂದಲಿಗೆ ಹಚ್ಚುವ ಮಸ್ಕಾರಾ ಒಂದೇ ಸಲ ಸಾಕು. ಗಂಟು ಕಟ್ಟಿದರೆ ಅದೂ ದೊಡ್ಡದಾಗಿ ಕಾಣುತ್ತದೆ.

ತುಟಿ ಸ್ವಲ್ಪ ಕಪ್ಪು. ತಿಳಿ ಬಣ್ಣದ ಲಿಪ್‌ಸ್ಟಿಕ್ ಹಚ್ಚಿದರೆ ಕಾಯಿಲೆಯವಳಂತೆ ಕಾಣುತ್ತೇನೆ, ಕೆಂಪು ಹಚ್ಚಿದರೆ ತುಟಿಯ ಮೇಲಿನ ಗೆರೆಗಳಿಗೆ ಹರಿಯುತ್ತದೆ. — ಬಳ್ಳಾರಿ

ಇಟ್ಟಿಗೆ ಕೆಂಪು, ಮರೂನ್, ನೇರಳೆ ಹಣ್ಣಿನ ಬಣ್ಣ, ದಾಲ್ಚಿನ್ನಿ ಕಂದು ನಿಮಗೆ ಒಪ್ಪುತ್ತವೆ. ಹರಿಯುವುದನ್ನು ತಡೆಯಲು ಅದೇ ಬಣ್ಣದ ಲಿಪ್ ಲೈನರ್ ಬೇಕು. ಲಿಪ್ ಬಾಮ್ ಹಚ್ಚಿ ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸಿ, ಅಂಚು ಬರೆದು ಒಳಗೂ ಲೈನರ್ ತುಂಬಿ, ಮೇಲೆ ಲಿಪ್‌ಸ್ಟಿಕ್ ಒಂದು ಪದರ, ಟಿಶ್ಯೂ ಒತ್ತಿ, ಇನ್ನೊಂದು ಪದರ. ಲೈನರಿನಲ್ಲಿ ಮೇಣ ಹೆಚ್ಚು, ಎಣ್ಣೆ ಕಡಿಮೆ. ಹಾಗಾಗಿ ಬಣ್ಣ ಅದನ್ನು ದಾಟುವುದಿಲ್ಲ. ನಿಮ್ಮೂರಿನ ಒಣ ಬಿಸಿಲಿಗೆ ದ್ರವರೂಪದ ಮ್ಯಾಟ್ (ಹೊಳಪಿಲ್ಲದ) ಲಿಪ್‌ಸ್ಟಿಕ್ ತುಟಿಯ ಸಿಪ್ಪೆ ಎಬ್ಬಿಸುತ್ತದೆ, ಕ್ರೀಮ್ ಅಥವಾ ಸ್ಯಾಟಿನ್ ಎಂದು ಬರೆದಿರುವುದನ್ನು ಕೇಳಿ.

ಸ್ಟಿಕ್ಕರ್ ಬೊಟ್ಟು ಇಡುವ ಜಾಗದಲ್ಲಿ ಬಿಳಿ ಚುಕ್ಕೆ ಮೂಡಿದೆ. ಫೌಂಡೇಶನ್ ಹಚ್ಚಿ ಅದರ ಮೇಲೇ ಬೊಟ್ಟು ಇಡಬಹುದೇ? — ಮಂಡ್ಯ

ಇಡಬೇಡಿ. ಇಂದೇ ನಿಲ್ಲಿಸಿ. ಬೊಟ್ಟಿನ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ಕೊಲ್ಲಬಲ್ಲದು. ಫೌಂಡೇಶನ್ ಅದಕ್ಕೆ ತಡೆಯಾಗದು. ಬೇಗ ನಿಲ್ಲಿಸಿ ಚಿಕಿತ್ಸೆ ಪಡೆದವರಲ್ಲಿ ಬಣ್ಣ ಮರಳಿ ಬರುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಚುಕ್ಕೆ ಹರಡಬಹುದು. ಚರ್ಮವೈದ್ಯರು ನೋಡುವ ತನಕ ಕುಂಕುಮವನ್ನೂ ಆ ಜಾಗಕ್ಕೆ ಇಡಬೇಡಿ, ಬಣ್ಣ ಬೆರೆತ ಕುಂಕುಮವೂ ಒಗ್ಗದಿರಬಹುದು. ಬೊಟ್ಟಿಲ್ಲದೆ ಇರಲಾಗದು ಎನಿಸಿದರೆ ಐಬ್ರೋ ಪೆನ್ಸಿಲಿನಿಂದ ಸ್ವಲ್ಪ ಮೇಲೆ, ಆರೋಗ್ಯವಾದ ಚರ್ಮದ ಮೇಲೆ ಚುಕ್ಕೆ ಬರೆದುಕೊಳ್ಳಿ.

ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಮುಖವೆಲ್ಲ ಬೆವರುತ್ತದೆ. ಮೊದಲೇ ಕರಾವಳಿಯ ಸೆಕೆ. ಮೇಕಪ್ ನಿಲ್ಲುವುದೇ ಇಲ್ಲ. ಮುಂದಿನ ತಿಂಗಳು ಮಗಳ ಮದುವೆ. — ಉಡುಪಿ

ಬೆವರನ್ನು ಒರೆಸಬೇಡಿ. ಟಿಶ್ಯೂ ಅಥವಾ ತೆಳು ಹತ್ತಿ ಬಟ್ಟೆಯನ್ನು ಒತ್ತಿ ಹಿಡಿದರೆ ನೀರು ಬರುತ್ತದೆ, ಬಣ್ಣ ಉಳಿಯುತ್ತದೆ. ಕ್ರೀಮಿನ ಮಾಯಿಶ್ಚರೈಸರ್ ಬದಲು ಜೆಲ್ ಬಳಸಿ. ಸ್ನಾನವಾದ ಮೇಲೆ ಫ್ಯಾನಿನ ಕೆಳಗೆ ಹದಿನೈದು ನಿಮಿಷ ಕುಳಿತು ಮೈ ತಣ್ಣಗಾದ ಮೇಲೇ ಶುರುಮಾಡಿ, ಬಿಸಿ ಚರ್ಮದ ಮೇಲೆ ಯಾವುದೂ ಕೂರುವುದಿಲ್ಲ. ದಪ್ಪ ಪದರ ಹಾಕಿದಷ್ಟೂ ಬೆವರಿನೊಡನೆ ತೇಪೆ ತೇಪೆಯಾಗಿ ಜಾರುತ್ತದೆ.

ಮದುವೆಗೆ ಬ್ಯೂಟಿಷಿಯನ್ ಬರುವುದಾದರೆ ಎರಡು ಮೂರು ವಾರ ಮೊದಲೇ ಒಮ್ಮೆ ಪೂರ್ತಿ ಮಾಡಿಸಿಕೊಂಡು, ಆ ದಿನ ಮನೆಗೆಲಸ ಮಾಡುತ್ತಾ ನಾಲ್ಕೈದು ಗಂಟೆ ಇಟ್ಟುಕೊಂಡು ನೋಡಿ. ಮಂದ ಬೆಳಕಿನಲ್ಲಿ ಫ್ಲ್ಯಾಷ್ ಹಾಕಿ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮುಖ ಕುತ್ತಿಗೆಗಿಂತ ಬೆಳ್ಳಗೆ ಬಂದರೆ ಸನ್‌ಸ್ಕ್ರೀನಿನ ಸತು, ಟೈಟೇನಿಯಂ ಅಥವಾ ಸಿಲಿಕಾ ಇರುವ ಬಿಳಿ ಪೌಡರು ಬೆಳಕನ್ನು ಹಿಂದಕ್ಕೆ ಎಸೆಯುತ್ತಿದೆ ಎಂದರ್ಥ. ಸಂಜೆಯ ಆರತಕ್ಷತೆಗೆ ಇವೆರಡನ್ನೂ ಬಿಟ್ಟರಾಯಿತು. ಬ್ಲೀಚ್, ಫೇಶಿಯಲ್ ಏನಿದ್ದರೂ ಮದುವೆಗೆ ಒಂದು ವಾರ ಮೊದಲೇ ಮುಗಿಸಿ. ತಲೆಗೆ ಹೊಸ ಬಣ್ಣ ಹಾಕುವುದಿದ್ದರೆ 48 ಗಂಟೆ ಮೊದಲು ಕಿವಿಯ ಹಿಂದೆ ಚುಕ್ಕೆ ಹಚ್ಚಿ ಪರೀಕ್ಷಿಸಲೇಬೇಕು. ಕಪ್ಪು ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಒಗ್ಗದಿದ್ದರೆ ಮುಖ, ಕಣ್ಣು ಊದಿಕೊಳ್ಳುತ್ತವೆ.

ಅಮ್ಮನಿಗೆ 58. ಮಸ್ಕಟ್‌ನಿಂದ ನಾನು ಕಳಿಸಿದ ಮೇಕಪ್ ಸಾಮಾನು ಎರಡು ವರ್ಷದಿಂದ ಹಾಗೇ ಇದೆ, ಈಗ ಬಳಸಲು ಶುರುಮಾಡುತ್ತಾರಂತೆ. ಮುಂದಿನ ವಾರ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಕೂಡ ಇದೆ. — ಮಸ್ಕಟ್

ಆಪರೇಷನ್ ಮುಗಿಯುವ ತನಕ ಕಣ್ಣಿಗೆ ಏನೂ ಬೇಡ. ಆಮೇಲೂ ಸಾಮಾನ್ಯವಾಗಿ ನಾಲ್ಕು ವಾರ ಕಾಡಿಗೆ, ಮಸ್ಕಾರಾ ಹಚ್ಚಬಾರದು. ಶುರುಮಾಡುವ ದಿನವನ್ನು ಆಪರೇಷನ್ ಮಾಡಿದ ವೈದ್ಯರೇ ಹೇಳಲಿ. ಶುರುಮಾಡುವಾಗ ಹೊಸ ಡಬ್ಬಿ ಒಡೆಯಬೇಕು, ಹಳೆಯದರಲ್ಲಿ ಸೋಂಕಿನ ಅಪಾಯ ಇದೆ.

ಸಾಮಾನಿನ ವಿಷಯ: ಡಬ್ಬಿಯ ಮೇಲೆ ಮುಚ್ಚಳ ತೆರೆದ ಚಿತ್ರದೊಳಗೆ 6ಎಂ, 12ಎಂ ಎಂದು ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಮಾತ್ರ ಬಳಸಬೇಕೆಂಬ ಗುರುತು ಅದು. ತೆರೆಯದ ಡಬ್ಬಿಗೆ ಮುಗಿಯುವ ದಿನಾಂಕವನ್ನೇ ನೋಡಿ. ಮಸ್ಕಾರಾ ತೆರೆದ ಮೂರು ತಿಂಗಳಿಗೆ ಎಸೆಯಬೇಕು. ಫೌಂಡೇಶನ್ ಎಣ್ಣೆ, ನೀರು ಬೇರೆಯಾಗಿ ಅಲುಗಾಡಿಸಿದರೂ ಕೂಡದಿದ್ದರೆ, ಲಿಪ್‌ಸ್ಟಿಕ್ ಹಳೆಯ ಎಣ್ಣೆಯ ಕಮಟು ವಾಸನೆ ಬಂದರೆ ದಿನಾಂಕ ಉಳಿದಿದ್ದರೂ ಬೇಡ. ಪುಡಿಗಳು ಹೆಚ್ಚು ದಿನ ತಾಳುತ್ತವೆ. ಅಮ್ಮನಿಗೆ ರಾತ್ರಿ ತೆಗೆಯುವ ಕ್ರಮವನ್ನೂ ಹೇಳಿಕೊಡಿ. ಹತ್ತಿಗೆ ಮೈಸೆಲ್ಲಾರ್ ವಾಟರ್ (ಮೇಕಪ್ ತೆಗೆಯುವ ನೀರು) ಹಾಕಿ ಮುಚ್ಚಿದ ರೆಪ್ಪೆಯ ಮೇಲೆ ಇಪ್ಪತ್ತು ಸೆಕೆಂಡ್ ಇಟ್ಟು, ಕೆಳಮುಖವಾಗಿ ಒಂದೇ ಸಲ ಸವರಬೇಕು. ಆಮೇಲೆ ಮುಖವನ್ನು ಫೇಸ್‌ವಾಶ್‌ನಿಂದ ತೊಳೆದು, ಒದ್ದೆ ಇರುವಾಗಲೇ ಮಾಯಿಶ್ಚರೈಸರ್. ಸ್ಪಾಂಜನ್ನು ವಾರಕ್ಕೊಮ್ಮೆ ಸೋಪಿನಲ್ಲಿ ತೊಳೆದು ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಿಸಲಿ. ಒದ್ದೆಯಾಗಿಯೇ ಡಬ್ಬಿಯಲ್ಲಿಟ್ಟರೆ ಒಳಗೆ ಬೂಷ್ಟು ಹಿಡಿಯುತ್ತದೆ.